ಶಕ್ತಿಗೆ ತಕ್ಕ ಹೆಜ್ಜೆ

ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಈ ನಾಲ್ಕೂ ತಾಲ್ಲೂಕುಗಳು ಮಳೆಯನ್ನು ನಂಬಿ ಬಾಳುವ ನಾಡು. ಹಾನಗಲ್ಲಿನ ಗದ್ದೆಗಳಲ್ಲಿ ಭತ್ತ, ಸವಣೂರಿನ ತೋಟಗಳಲ್ಲಿ ವೀಳ್ಯದೆಲೆ, ಹಿರೇಕೆರೂರಿನ ಹೊಲಗಳಲ್ಲಿ ಗೋವಿನಜೋಳ ಬೆಳೆಯುತ್ತವೆ. ಇಲ್ಲಿಯ ಶ್ರಾವಕರಿಗೆ ಹಿಮವೆಂದರೆ ಜಂಬೂದ್ವೀಪದ ವರ್ಣನೆಯಲ್ಲಿ ಕೇಳಿದ ಹಿಮವತ್ ಪರ್ವತ. ಕಣ್ಣಾರೆ ಕಂಡವರು ತೀರ ವಿರಳ. ಇಂಥ ನಾಡಿನಲ್ಲಿ ಹಿಮದ ಮೇಲೆ ನಡೆಯುವ ಕ್ರೀಡೆಗಳ ಮಾತು ಎತ್ತಿದರೆ ಅದು ನಮ್ಮದಲ್ಲದ ವಿಷಯವೆಂದು ತೋರುವುದು ಸಹಜ. ಆದರೆ 2025ರ ಮಾರ್ಚ್ 8ರಿಂದ 15ರವರೆಗೆ ಇಟಲಿಯ ತೂರಿನ್ ನಗರದಲ್ಲಿ ಮತ್ತು ಅದರ ಸಮೀಪದ ಪರ್ವತಗಳಲ್ಲಿ ನಡೆದ ಒಂದು ಕ್ರೀಡಾಕೂಟವು ಪ್ರತಿಯೊಂದು ಶ್ರಾವಕ ಕುಟುಂಬವೂ, ಪ್ರತಿಯೊಂದು ಬಸದಿಯ ಆಡಳಿತ ಮಂಡಳಿಯೂ ನಿಂತು ಯೋಚಿಸಬೇಕಾದ ಕೆಲವು ಪ್ರಶ್ನೆಗಳನ್ನು ಎತ್ತುತ್ತದೆ.

ಅದು ಬೌದ್ಧಿಕ ವೈಕಲ್ಯವುಳ್ಳವರಿಗಾಗಿ ಏರ್ಪಡುವ ಸ್ಪೆಷಲ್ ಒಲಿಂಪಿಕ್ಸ್‌ನ ವಿಶ್ವ ಚಳಿಗಾಲದ ಕ್ರೀಡಾಕೂಟ. ಸುಮಾರು 100 ದೇಶಗಳಿಂದ 1,500ರಷ್ಟು ಕ್ರೀಡಾಪಟುಗಳು ಅಲ್ಲಿ ಸೇರಿದ್ದರು. ಭಾರತದಿಂದ ಹೋದದ್ದು 49 ಮಂದಿಯ ತಂಡ. ಅವರಲ್ಲಿ ಆಟಗಾರರು 30 ಮಂದಿ, ಉಳಿದವರು ಅಧಿಕಾರಿಗಳು ಮತ್ತು ನೆರವಿನವರು. ಹಿಮದಿಳಿಜಾರಿನ ಸ್ಕೀಯಿಂಗ್, ಹಿಮಪಾದುಕೆ ಕಟ್ಟಿಕೊಂಡು ಓಡುವ ಸ್ನೋಶೂಯಿಂಗ್, ಮಂಜುಗಡ್ಡೆಯ ಮೇಲಿನ ಸ್ಕೇಟಿಂಗ್, ಒಳಾಂಗಣದ ಫ್ಲೋರ್‌ಬಾಲ್ ಮೊದಲಾದ ಕ್ರೀಡೆಗಳಲ್ಲಿ ಭಾಗವಹಿಸಿ ಅವರು 8 ಚಿನ್ನ, 18 ಬೆಳ್ಳಿ, 7 ಕಂಚು ಎಂಬಂತೆ 33 ಪದಕಗಳೊಂದಿಗೆ ಮರಳಿದರು. ಇದಕ್ಕೆ ಹಿಂದಿನ ಕೂಟ 2017ರ ಮಾರ್ಚ್ ತಿಂಗಳಲ್ಲಿ ಆಸ್ಟ್ರಿಯಾದಲ್ಲಿ ನಡೆದಿತ್ತು. ಅಲ್ಲಿ ಭಾರತಕ್ಕೆ ದೊರೆತ ಪದಕಗಳು 73. ನಡುವೆ ರಷ್ಯದ ಕಜಾನ್ ನಗರದಲ್ಲಿ ನಡೆಯಬೇಕಿದ್ದ ಕೂಟ ಮೊದಲು ಮುಂದೂಡಲ್ಪಟ್ಟು, ಕೊನೆಗೆ ರದ್ದಾಯಿತು. ಹೀಗೆ ಎರಡು ಕೂಟಗಳ ಮಧ್ಯೆ ಎಂಟು ವರ್ಷಗಳು ಉರುಳಿದವು. 2017ರಲ್ಲಿ ಹದಿನೆಂಟು ವಯಸ್ಸಿನವನು 2025ರಲ್ಲಿ ಇಪ್ಪತ್ತಾರರವನು. ಅಷ್ಟು ಕಾಲ ಅಭ್ಯಾಸ ಕೈಬಿಡದಂತೆ ಅವನನ್ನು ಹಿಡಿದು ನಿಲ್ಲಿಸಿದ ತಾಯಿತಂದೆಯರ ಸಹನೆಗೆ ಪದಕವಿಲ್ಲ.

ಈ ಚಳವಳಿಯ ಮೂಲದಲ್ಲಿ ಒಂದು ಕುಟುಂಬದ ಮುಚ್ಚಿಟ್ಟ ನೋವಿದೆ. ಅಮೆರಿಕದ ಅಧ್ಯಕ್ಷರಾಗಿದ್ದ ಜಾನ್ ಕೆನಡಿಯವರ ತಂಗಿ ರೋಸ್‌ಮೇರಿಗೆ ಬಾಲ್ಯದಿಂದಲೇ ಬೌದ್ಧಿಕ ವೈಕಲ್ಯವಿತ್ತು. 1941ರಲ್ಲಿ ಆಕೆಗೆ ಮಾಡಿಸಿದ ಮೆದುಳಿನ ಶಸ್ತ್ರಚಿಕಿತ್ಸೆ ಆಕೆಯ ಇದ್ದ ಶಕ್ತಿಯನ್ನೂ ಕಸಿದುಕೊಂಡಿತು. ಆ ಬಳಿಕ ಆಕೆ ಸಂಸ್ಥೆಯೊಂದರ ಆಶ್ರಯದಲ್ಲಿ ಲೋಕದ ಕಣ್ಣಿಗೆ ಬೀಳದೆ ಬಾಳಿದಳು. ಐಶ್ವರ್ಯಕ್ಕೆ, ಅಧಿಕಾರಕ್ಕೆ ಕೊರತೆಯಿಲ್ಲದ ಮನೆತನವೂ ಈ ವಿಷಯದಲ್ಲಿ ಬಾಯಿ ಬಿಡಲು ಅಂಜಿತು. 1962ರಲ್ಲಿ ಆಕೆಯ ಸೋದರಿ ಯೂನಿಸ್ ಕೆನಡಿ ಶ್ರೈವರ್ ಪತ್ರಿಕೆಯೊಂದರಲ್ಲಿ ಲೇಖನ ಬರೆದು ಈ ಸಂಗತಿಯನ್ನು ಬಹಿರಂಗಪಡಿಸಿದರು. ಅದೇ ಬೇಸಿಗೆಯಲ್ಲಿ ತಮ್ಮ ಮನೆಯಂಗಳದಲ್ಲಿಯೇ ಇಂಥ ಮಕ್ಕಳಿಗೆ ಆಟದ ಶಿಬಿರ ನಡೆಸಿದರು. 1968ರ ಜುಲೈ ತಿಂಗಳಲ್ಲಿ ಶಿಕಾಗೋ ನಗರದಲ್ಲಿ ಸುಮಾರು 1,000 ಮಂದಿ ಸೇರಿದ ಮೊದಲ ಸ್ಪೆಷಲ್ ಒಲಿಂಪಿಕ್ಸ್ ನಡೆಯಿತು. 1977ರಲ್ಲಿ ಕೊಲರಾಡೋದಲ್ಲಿ ಮೊದಲ ಚಳಿಗಾಲದ ಕೂಟ. ಭಾರತದಲ್ಲಿ ಈ ಕಾರ್ಯವನ್ನು ನಡೆಸುತ್ತಿರುವ ಸ್ಪೆಷಲ್ ಒಲಿಂಪಿಕ್ಸ್ ಭಾರತ್ ಸಂಸ್ಥೆ 2001ರಲ್ಲಿ ನೋಂದಣಿಗೊಂಡಿತು. ಇಷ್ಟೆಲ್ಲವೂ ಮೊದಲಾದದ್ದು ಒಬ್ಬ ಸೋದರಿ ಮನೆಯ ಗುಟ್ಟನ್ನು ಗುಟ್ಟಾಗಿ ಇಡಲು ಒಪ್ಪದಿದ್ದುದರಿಂದ ಎಂಬುದು ಗಮನಾರ್ಹ.

ಇನ್ನು ಈ ಕೂಟದ ನಿಯಮಗಳನ್ನು ನೋಡಬೇಕು. ಶ್ರಾವಕರಿಗೆ ಅತ್ಯಂತ ಬೋಧಪ್ರದವಾದ ಭಾಗ ಇದು. ಸಾಮಾನ್ಯ ಸ್ಪರ್ಧೆಗಳಲ್ಲಿ ಎಲ್ಲರನ್ನೂ ಒಂದೇ ಗೆರೆಯ ಮೇಲೆ ನಿಲ್ಲಿಸಿ, ಎಲ್ಲರಿಗಿಂತ ಮುಂದೆ ಬಂದವನನ್ನು ಶ್ರೇಷ್ಠನೆನ್ನುತ್ತಾರೆ. ಇಲ್ಲಿ ಮೊದಲು ಪ್ರಾಥಮಿಕ ಸುತ್ತುಗಳನ್ನು ನಡೆಸಿ, ಒಬ್ಬೊಬ್ಬರ ಸಾಮರ್ಥ್ಯವನ್ನು ಅಳೆದು, ವಯಸ್ಸು ಮತ್ತು ಸಾಮರ್ಥ್ಯ ಹತ್ತಿರ ಹತ್ತಿರವಿರುವವರನ್ನು ಒಂದು ವಿಭಾಗಕ್ಕೆ ಸೇರಿಸುತ್ತಾರೆ. ಸಾಮಾನ್ಯವಾಗಿ ಒಂದು ವಿಭಾಗದಲ್ಲಿ ಮೂವರಿಂದ ಎಂಟು ಮಂದಿ. ವೇಗಿಯು ವೇಗಿಯೊಡನೆ, ನಿಧಾನಿಯು ನಿಧಾನಿಯೊಡನೆ ಸ್ಪರ್ಧಿಸುತ್ತಾನೆ. ಮೊದಲ ಮೂವರಿಗೆ ಪದಕ. ನಾಲ್ಕರಿಂದ ಎಂಟನೆಯವರೆಗೆ ಬಂದವರಿಗೂ ಗೌರವದ ಪಟ್ಟಿ ಕಟ್ಟುತ್ತಾರೆ. ಆದುದರಿಂದ ಈ ಕೂಟದ 33 ಪದಕಗಳನ್ನು ಇತರ ಒಲಿಂಪಿಕ್ಸ್ ಪದಕಗಳ ಪಕ್ಕದಲ್ಲಿಟ್ಟು ಎಣಿಸುವುದು ಸರಿಯಲ್ಲ. ಎರಡರ ಅಳತೆಗೋಲುಗಳೇ ಬೇರೆ.

ಈ ಏರ್ಪಾಡಿನಲ್ಲಿ ಕಪಟಕ್ಕೆ ಒಂದು ಅವಕಾಶವುಂಟು. ಪ್ರಾಥಮಿಕ ಸುತ್ತಿನಲ್ಲಿ ಬೇಕೆಂದೇ ನಿಧಾನವಾಗಿ ಓಡಿ, ದುರ್ಬಲರ ವಿಭಾಗಕ್ಕೆ ಸೇರಿ, ಅಂತಿಮ ಸುತ್ತಿನಲ್ಲಿ ಚಿನ್ನ ಗೆಲ್ಲಬಹುದಲ್ಲವೇ? ಅದನ್ನು ತಡೆಯಲು ಇನ್ನೊಂದು ನಿಯಮವಿದೆ. ಹಲವು ಸ್ಪರ್ಧೆಗಳಲ್ಲಿ ಅಂತಿಮ ಸುತ್ತಿನ ಸಾಧನೆ ಪ್ರಾಥಮಿಕ ಸುತ್ತಿನದಕ್ಕಿಂತ ಶೇಕಡಾ 15ನ್ನು ಮೀರಿ ಉತ್ತಮವಾದರೆ, ಆಟಗಾರನು ಮೊದಲು ತನ್ನ ಪೂರ್ಣ ಪ್ರಯತ್ನ ಹಾಕಿರಲಿಲ್ಲವೆಂದು ಭಾವಿಸಿ ಅವನನ್ನು ಅನರ್ಹಗೊಳಿಸಬಹುದು. ಅಂದರೆ ಇಲ್ಲಿ ಶಕ್ತಿ ಕಡಮೆಯಿರುವುದು ತಪ್ಪಲ್ಲ, ಇರುವ ಶಕ್ತಿಯನ್ನು ಬಚ್ಚಿಡುವುದು ತಪ್ಪು.

ಜೈನ ಧರ್ಮದ ಷೋಡಶಕಾರಣ ಭಾವನೆಗಳನ್ನು ಬಲ್ಲವರಿಗೆ ಈ ಮಾತು ಹೊಸದಲ್ಲ. ಆ ಹದಿನಾರರಲ್ಲಿ ತ್ಯಾಗ ಮತ್ತು ತಪಸ್ಸುಗಳನ್ನು ಹೇಳುವಾಗ ಎರಡಕ್ಕೂ ಶಕ್ತಿತಃ ಎಂಬ ವಿಶೇಷಣವನ್ನು ಹಚ್ಚಿದ್ದಾರೆ. ಶಕ್ತಿಗೆ ತಕ್ಕ ತ್ಯಾಗ, ಶಕ್ತಿಗೆ ತಕ್ಕ ತಪಸ್ಸು. ಶಕ್ತಿಯನ್ನು ಮೀರಿ ಹೋಗಬೇಡ, ಶಕ್ತಿಯನ್ನು ಮರೆಮಾಚಲೂ ಬೇಡ ಎಂಬುದು ಇದರ ಹುರುಳು. ಎಂಟು ದಿನ ನಿರಾಹಾರವಿರಬಲ್ಲ ತರುಣನು ಒಂದು ಹೊತ್ತು ಬಿಟ್ಟು ಸುಮ್ಮನಾದರೆ ಅವನ ತಪಸ್ಸು ಕಿರಿದು. ವೃದ್ಧೆಯೊಬ್ಬಳು ಒಂದು ಹೊತ್ತಿನ ಊಟ ಬಿಟ್ಟರೆ ಅದು ಹಿರಿದು. ಪರ್ಯೂಷಣದ ದಿನಗಳಲ್ಲಿ ಉಪವಾಸಗಳ ಸಂಖ್ಯೆಯನ್ನು ಹೋಲಿಸಿ ಹೆಮ್ಮೆಪಡುವವರು ಈ ತತ್ತ್ವವನ್ನು ಮರೆತಿರುತ್ತಾರೆ. ಹಿಮದ ಮೇಲೆ 25 ಮೀಟರು ದೂರವನ್ನು ತಪ್ಪುಹೆಜ್ಜೆಗಳೊಡನೆ ಕ್ರಮಿಸಿ ಗೆರೆ ಮುಟ್ಟಿದವನಿಗೆ ಚಪ್ಪಾಳೆ ತಟ್ಟುವವರು ಅದನ್ನು ನೆನಪಿಟ್ಟಿದ್ದಾರೆ.

ಹೀಗಿದ್ದರೂ ಸ್ಪರ್ಧೆಯೇ ಕಷಾಯಕ್ಕೆ ಬೀಜವಲ್ಲವೇ, ಗೆಲುವಿನ ಹಂಬಲ ಮಾನ ಲೋಭಗಳನ್ನು ಬೆಳೆಸದೇ ಎಂಬ ಆಕ್ಷೇಪ ಬರಬಹುದು. ಆಕ್ಷೇಪದಲ್ಲಿ ಸತ್ಯವಿದೆ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಎಣಿಸಿದ ಎಂಟು ಮದಗಳಲ್ಲಿ ಬಲದ ಮದವೂ ಇದೆ, ದೇಹದ ಮದವೂ ಇದೆ. ಕ್ರೀಡಾಂಗಣ ಇವೆರಡಕ್ಕೂ ಹದವಾದ ನೆಲ. ಆದರೆ ಮದವೆಂಬುದು ಇದ್ದವನಿಗೆ ಬರುವ ರೋಗ. ತನಗೆ ಏನೂ ಬಾರದೆಂದು ಹುಟ್ಟಿದಂದಿನಿಂದ ಕೇಳುತ್ತ ಬಂದ ಮಗುವಿಗೆ, ತನ್ನ ಕಾಲ ಮೇಲೆ ತಾನು ನಿಂತು ಹತ್ತು ಹೆಜ್ಜೆ ಓಡಿದಾಗ ಮೂಡುವುದು ಮದವಲ್ಲ, ತನ್ನ ಇರವಿನ ಅರಿವು. ಮದ ಬರುವ ಅಪಾಯವಿರುವುದು ನೋಡುವವರಿಗೆ: ಮಕ್ಕಳ ಪದಕವನ್ನು ತಮ್ಮ ಕೊರಳಿಗೆ ಹಾಕಿಕೊಳ್ಳುವ ಹಿರಿಯರಿಗೆ, ಕನಿಕರ ತೋರಿ ಭಾವಚಿತ್ರ ತೆಗೆಸಿಕೊಳ್ಳುವ ದಾನಿಗಳಿಗೆ.

ಹಿಮವಿಲ್ಲದ ನಾಡಿನವರಿಗೆ ಇದೆಲ್ಲ ಹೇಗೆ ಸಾಧ್ಯವೆಂಬ ಸಂದೇಹಕ್ಕೂ ಉತ್ತರವಿದೆ. ಫ್ಲೋರ್‌ಬಾಲ್ ಆಟಕ್ಕೆ ಹಿಮವೇ ಬೇಡ. ಸಮತಟ್ಟಾದ ನೆಲ, ಹಗುರವಾದ ಕೋಲು, ತೂತುಗಳಿರುವ ಪ್ಲಾಸ್ಟಿಕ್ ಚೆಂಡು ಇದ್ದರೆ ಶಾಲೆಯ ಸಭಾಭವನದಲ್ಲಿಯೂ ಆಡಬಹುದು. ಸ್ನೋಶೂಯಿಂಗ್‌ನಲ್ಲಿ ಅಗಲವಾದ ಚೌಕಟ್ಟೊಂದನ್ನು ಬೂಟಿಗೆ ಬಿಗಿಯುತ್ತಾರೆ. ದೇಹದ ಭಾರ ಹೆಚ್ಚು ವಿಸ್ತಾರಕ್ಕೆ ಹಂಚಿಹೋಗುವುದರಿಂದ ಕಾಲು ಹಿಮದಲ್ಲಿ ಹೂಳುವುದಿಲ್ಲ. ಇದನ್ನು ಕಟ್ಟಿಕೊಂಡು ನಡೆಯುವ ಅಭ್ಯಾಸವನ್ನು ಮರಳಿನ ಮೇಲೆ, ಹುಲ್ಲಿನ ಮೇಲೆ ಮಾಡಿಸಬಹುದು. ವರದಾ ನದಿಯ ದಡದಲ್ಲಿ ಮರಳೂ ಇದೆ, ಹುಲ್ಲೂ ಇದೆ. ಸ್ಪರ್ಧೆಗೆ ಇಳಿಯಲು ಎಂಟು ವರ್ಷ ತುಂಬಿದ್ದರೆ ಸಾಕು. ಮೇಲಿನ ವಯೋಮಿತಿ ಇಲ್ಲ. ಹೀಗೆ ನೋಡಿದರೆ ಶಿಗ್ಗಾಂವಿಯ ಓಣಿಗೂ ಆಲ್ಪ್ಸ್ ಪರ್ವತಕ್ಕೂ ನಡುವೆ ಇರುವ ದೊಡ್ಡ ಅಡ್ಡಿ ಹವಾಮಾನವಲ್ಲ, ಮನೆಯ ಹೊಸ್ತಿಲು.

ಆ ಹೊಸ್ತಿಲಿನ ಒಳಗೆ ನಡೆಯುವುದನ್ನು ಹೇಳಲು ಹೆಸರುಗಳು ಬೇಕಿಲ್ಲ. ಯಾವ ಊರಿನಲ್ಲಿಯೂ ನಡೆಯಬಹುದಾದ ಸಂಗತಿ ಅದು. ಮಗುವಿಗೆ ಮಾತು ತಡವಾಗುತ್ತದೆ, ಓದು ಹತ್ತುವುದಿಲ್ಲ. ಮೊದಲ ವರ್ಷಗಳಲ್ಲಿ ವೈದ್ಯರಲ್ಲಿಗೂ ಕ್ಷೇತ್ರಗಳಿಗೂ ಓಡಾಟ. ಬಳಿಕ ಓಡಾಟ ನಿಲ್ಲುತ್ತದೆ. ಅಕ್ಕನಿಗೆ ವರ ನೋಡುವ ದಿನ ತಮ್ಮನನ್ನು ಹಿತ್ತಲ ಕೋಣೆಯಲ್ಲಿ ಕೂರಿಸುತ್ತಾರೆ. ಪಂಚಕಲ್ಯಾಣ ಪೂಜೆಗೆ ಊರೆಲ್ಲ ಹೋದಾಗ ತಾಯಿ ಅವನೊಡನೆ ಮನೆಯಲ್ಲಿ ಉಳಿಯುತ್ತಾಳೆ. ಅಲ್ಲಿಗೆ ಆ ತಾಯಿಯೂ ಸಮಾಜದಿಂದ ಮರೆಯಾದಳು. ನೆರೆಯವರು ಅನುಕಂಪದಿಂದಲೇ ಒಂದು ಮಾತು ಆಡುತ್ತಾರೆ: ಪೂರ್ವಾರ್ಜಿತ ಕರ್ಮ, ಯಾರೇನು ಮಾಡಲಾದೀತು?

ಕರ್ಮಸಿದ್ಧಾಂತದ ಇಂಥ ಬಳಕೆ ಸಿದ್ಧಾಂತಕ್ಕೇ ಅಪಚಾರ. ದೇಹದ ಕಟ್ಟಣೆಗೆ ನಾಮಕರ್ಮವೂ ತಿಳಿವಿನ ಮುಸುಕಿಗೆ ಜ್ಞಾನಾವರಣೀಯ ಕರ್ಮವೂ ಕಾರಣವೆಂದು ಶಾಸ್ತ್ರ ಹೇಳುವುದು ನಿಜ. ಆದರೆ ಜ್ಞಾನಾವರಣೀಯದ ಆಸ್ರವಕ್ಕೆ ಕಾರಣಗಳಾವುವೆಂದು ಅದೇ ಶಾಸ್ತ್ರ ವಿವರಿಸುತ್ತದೆ. ಅವುಗಳಲ್ಲಿ ಇನ್ನೊಬ್ಬರ ಜ್ಞಾನಕ್ಕೆ ಅಂತರಾಯ ಒಡ್ಡುವುದೂ ಒಂದು. ಹಾಗಾದರೆ ಕಲಿಯಬಲ್ಲಷ್ಟನ್ನು ಕಲಿಯಲು ಮಗುವಿಗೆ ಎಡೆಗೊಡದೆ ಕೋಣೆಯಲ್ಲಿ ಕೂರಿಸಿದವರು ತಮಗೇ ಆ ಕರ್ಮವನ್ನು ಕಟ್ಟಿಕೊಳ್ಳುತ್ತಿಲ್ಲವೇ? ಅಹಿಂಸಾಣುವ್ರತದ ಐದು ಅತಿಚಾರಗಳಲ್ಲಿ ಮೊದಲನೆಯದು ಬಂಧ. ಪಶುವನ್ನು ಚಲಿಸದಂತೆ ಕಟ್ಟಿಹಾಕುವುದಕ್ಕೆ ಅದನ್ನು ಉದಾಹರಿಸುತ್ತಾರೆ. ಹಗ್ಗವಿಲ್ಲದೆ ಬಾಗಿಲಿನಿಂದ ಕಟ್ಟಿದರೂ ಅದು ಬಂಧವೇ. ಕರ್ಮದ ಪ್ರಶ್ನೆಯನ್ನು ನಾವು ಕೇಳಬೇಕಾದದ್ದು ಮಗುವಿನ ಹಿಂದಿನ ಜನ್ಮವನ್ನು ಕುರಿತಲ್ಲ, ನಮ್ಮ ಈ ದಿನದ ನಡೆಯನ್ನು ಕುರಿತು.

ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಮೂರನೆಯದಾದ ನಿರ್ವಿಚಿಕಿತ್ಸೆಗೆ ಉದ್ದಾಯನ ರಾಜನ ಕಥೆ ಪ್ರಸಿದ್ಧ. ಅವನನ್ನು ಪರೀಕ್ಷಿಸಲು ದೇವನೊಬ್ಬ ಕುಷ್ಠದಿಂದ ಕೊಳೆತ ಮೈಯ ಮುನಿಯಾಗಿ ಬಂದನು. ಉಂಡದ್ದನ್ನೆಲ್ಲ ಅರಮನೆಯಲ್ಲಿಯೇ ವಾಂತಿ ಮಾಡಿದನು. ಪರಿಜನರು ದೂರ ಸರಿದರು. ಅರಸನು ಅಸಹ್ಯಪಡಲಿಲ್ಲ, ತಾನಿತ್ತ ಆಹಾರದಲ್ಲಿಯೇ ದೋಷವಿದ್ದಿರಬೇಕೆಂದು ತನ್ನನ್ನು ಹಳಿದುಕೊಂಡು, ತನ್ನ ಕೈಯಿಂದಲೇ ಮುನಿಯ ಮೈ ತೊಳೆದನು. ಶಾಸ್ತ್ರದಲ್ಲಿ ಈ ಅಂಗವನ್ನು ರತ್ನತ್ರಯದಿಂದ ಪವಿತ್ರವಾದ ದೇಹವನ್ನು ಕುರಿತು ಹೇಳಿದೆ ಎಂದು ಪಂಡಿತರು ನೆನಪಿಸಬಹುದು. ಅದು ಸರಿಯೇ. ಆದರೆ ದೇಹದ ರೂಪವನ್ನು ನೋಡಿ ಜೀವದ ಬೆಲೆ ಕಟ್ಟದಿರುವ ಕಣ್ಣು ಮೊದಲು ಮನೆಯಲ್ಲಿ ಪಳಗದಿದ್ದರೆ ಮುನಿಯ ಎದುರಿನಲ್ಲಿ ಅದು ಹೇಗೆ ಬಂದೀತು? ಮಗುವಿನ ಬಾಯಿಂದ ಸುರಿವ ಜೊಲ್ಲನ್ನು ಒರೆಸುವ ತಾಯಿ ದಿನಕ್ಕೆ ಹತ್ತು ಸಲ ಆ ಅಂಗವನ್ನು ಸಾಧಿಸುತ್ತಾಳೆ.

ಕರ್ನಾಟಕ ಸರಕಾರದ ಕಡತಗಳಲ್ಲಿ ಇಂದು ಬಳಕೆಯಲ್ಲಿರುವ ಪದ ವಿಕಲಚೇತನ. ಅಂಗವಿಕಲ ಎಂಬ ಹಳೆಯ ಮಾತಿಗಿಂತ ಸೌಮ್ಯವಾಗಿರಲೆಂದು ಅದನ್ನು ಆರಿಸಿದ್ದಾರೆ. ಉದ್ದೇಶ ಒಳ್ಳೆಯದು. ಆದರೂ ಜೈನ ದೃಷ್ಟಿಯಿಂದ ಈ ಪದದ ಮುಂದೆ ಒಂದು ಕ್ಷಣ ನಿಲ್ಲಬೇಕಾಗುತ್ತದೆ. ಅಂಗ ವಿಕಲವಾಗಬಹುದು, ಇಂದ್ರಿಯ ಕುಂದಬಹುದು, ತಿಳಿವಿಗೆ ಮುಸುಕು ಕವಿಯಬಹುದು. ಚೇತನವು ಸ್ವಭಾವತಃ ಎಂದಿಗೂ ವಿಕಲವಾಗದು. ಮೋಡ ಕವಿದ ಸೂರ್ಯನು ಅರೆಸೂರ್ಯನಲ್ಲ. ಅನಂತಜ್ಞಾನದ ಸ್ವಭಾವವುಳ್ಳ ಆತ್ಮವೇ ಬುದ್ಧಿವಂತನ ದೇಹದಲ್ಲಿಯೂ ಇದೆ, ತನ್ನ ಹೆಸರನ್ನು ಬರೆಯಲಾರದವನ ದೇಹದಲ್ಲಿಯೂ ಇದೆ. ಹಾಗೆಂದೇ ಪದಕ ಗೆದ್ದ ಮಗುವಿಗೆ ಮಾತ್ರ ಮರ್ಯಾದೆ ಎಂಬ ಹೊಸ ತಪ್ಪಿಗೆ ನಾವು ಬೀಳಬಾರದು. ಹಾಸಿಗೆಯಿಂದ ಏಳಲಾರದ ಮಗುವೂ ಉಂಟು. ಅದು ಎಂದೂ ಓಡದು, ಎಂದೂ ಗೆಲ್ಲದು. ಅದರ ಗೌರವ ಯಾವ ಸಾಧನೆಗೂ ಪ್ರತಿಫಲವಲ್ಲ.

ಇಂಥ ಮಕ್ಕಳ ತಾಯಿತಂದೆಯರನ್ನು ರಾತ್ರಿ ನಿದ್ರೆಗೆಡಿಸುವ ಪ್ರಶ್ನೆ ಒಂದೇ: ನಮ್ಮ ನಂತರ ಯಾರು? ಇದಕ್ಕೆ ಉತ್ತರವನ್ನು ಶಿಗ್ಗಾಂವಿ ತಾಲ್ಲೂಕಿನ ಬಂಕಾಪುರವೇ ಒಂದು ಬಗೆಯಲ್ಲಿ ಹೇಳುತ್ತದೆ. ಜಿನಸೇನಾಚಾರ್ಯರು ಮಹಾಪುರಾಣವನ್ನು ಆರಂಭಿಸಿ, ಅದು ಮುಗಿಯುವ ಮೊದಲೇ ದೇಹ ಬಿಟ್ಟರು. ಶಿಷ್ಯರಾದ ಗುಣಭದ್ರಾಚಾರ್ಯರು ಅದನ್ನು ಮುಂದುವರಿಸಿ ಉತ್ತರಪುರಾಣವನ್ನು ರಚಿಸಿದರು. ಗುಣಭದ್ರರ ಶಿಷ್ಯ ಲೋಕಸೇನರ ಕಾಲಕ್ಕೆ, ಕ್ರಿ. ಶ. 898ರಲ್ಲಿ, ಲೋಕಾದಿತ್ಯನು ಆಳುತ್ತಿದ್ದ ಬಂಕಾಪುರದಲ್ಲಿ ಆ ಗ್ರಂಥಕ್ಕೆ ಪೂಜೆ ಸಂದಿತು. ಒಬ್ಬರು ಕೈಬಿಟ್ಟು ಹೋಗಬೇಕಾದುದನ್ನು ಇನ್ನೊಬ್ಬರು, ಅವರ ತರುವಾಯ ಮತ್ತೊಬ್ಬರು ಹೊತ್ತು ನಡೆದರು. ಗ್ರಂಥಕ್ಕೆ ದೊರೆತ ಈ ಭಾಗ್ಯ ಮಗುವಿಗೆ ದೊರೆಯಬಾರದೇ? ಜೀವಿಗಳು ಒಂದಕ್ಕೊಂದು ಆಸರೆ ಎಂಬ ತತ್ತ್ವವನ್ನು ಲಾಂಛನದ ಕೆಳಗೆ ಬರೆಸಿಕೊಂಡಿರುವ ಸಮಾಜಕ್ಕೆ ಈ ಹೊಣೆ ಹೊರೆಯೆನಿಸಬಾರದು.

ಕಾನೂನೂ ಕೈಜೋಡಿಸುತ್ತದೆ. 1999ರ ರಾಷ್ಟ್ರೀಯ ನ್ಯಾಸ ಕಾಯಿದೆಯಂತೆ ಆಟಿಸಂ, ಮೆದುಳಿನ ಪಾರ್ಶ್ವವಾಯು, ಬೌದ್ಧಿಕ ವೈಕಲ್ಯ ಮತ್ತು ಬಹುವಿಧ ವೈಕಲ್ಯವುಳ್ಳವರಿಗೆ, ಹದಿನೆಂಟು ವರ್ಷ ದಾಟಿದ ಬಳಿಕವೂ, ಜಿಲ್ಲಾಧಿಕಾರಿಗಳನ್ನೊಳಗೊಂಡ ಸ್ಥಳೀಯ ಸಮಿತಿಯ ಮೂಲಕ ಪೋಷಕರನ್ನು ನೇಮಿಸಿಕೊಳ್ಳಬಹುದು. ಅದೇ ನ್ಯಾಸದ ನಿರಾಮಯ ಯೋಜನೆ 1 ಲಕ್ಷ ರೂಪಾಯಿಯವರೆಗೆ ಆರೋಗ್ಯ ವಿಮೆ ಒದಗಿಸುತ್ತದೆ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯಿದೆ, 1995ರ ಕಾಯಿದೆಯಲ್ಲಿ ಏಳೇ ಇದ್ದ ವೈಕಲ್ಯಗಳ ಪಟ್ಟಿಯನ್ನು 21ಕ್ಕೆ ವಿಸ್ತರಿಸಿತು. ಆದರೆ ಅರ್ಜಿ ತುಂಬಲು ಬಾರದ ತಾಯಿಗೆ ಕಾಯಿದೆ ಇದ್ದೂ ಇಲ್ಲದಂತೆ. ಬಸದಿಯ ಆಡಳಿತ ಮಂಡಳಿಯಲ್ಲಿರುವ ಓದಿದ ತರುಣರಿಬ್ಬರು ತಿಂಗಳಿಗೊಂದು ದಿನ ಈ ಕೆಲಸಕ್ಕೆ ಕುಳಿತರೆ ಅದು ಶಾಸ್ತ್ರದಾನಕ್ಕೆ ಕಡಮೆಯಾದುದಲ್ಲ.

ಬಸದಿಯ ಮೆಟ್ಟಿಲುಗಳನ್ನೂ ಒಮ್ಮೆ ಎಣಿಸಬೇಕು. ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದದ ಇಳಿಜಾರು ಎಂಬುದು ಗಾಲಿಕುರ್ಚಿಗೆ ಒಪ್ಪುವ ಲೆಕ್ಕ. ಅರ್ಧ ಅಡಿಯ ಮೂರು ಮೆಟ್ಟಿಲುಗಳಿದ್ದರೆ ಹದಿನೆಂಟು ಅಡಿಯ ಇಳಿಜಾರು ಸಾಕು. ಒಂದು ಮಹಾದ್ವಾರಕ್ಕೆ ಬಣ್ಣ ಬಳಿಸುವ ವೆಚ್ಚದ ಆಸುಪಾಸಿನಲ್ಲಿ ಅದು ಮುಗಿದೀತು. ಬೀದಿಯ ಗಾಲಿ ಒಳಗೆ ಬರುವುದು ಮಡಿಗೆ ಸಲ್ಲದೆನ್ನುವವರು ಶುದ್ಧವಾದ ಗಾಲಿಕುರ್ಚಿಯೊಂದನ್ನು ಬಸದಿಯೊಳಗೇ ಇರಿಸಬಹುದು. ಪ್ರವಚನದ ನಡುವೆ ಮಗುವೊಂದು ಕೂಗಿದರೆ ತಿರುಗಿ ನೋಡದಿರುವುದನ್ನು ಸಭೆ ಕಲಿಯಬಹುದು. ಮಹಾವೀರ ಜಯಂತಿಯ ಆಟೋಟಗಳಲ್ಲಿ ವೈಕಲ್ಯವುಳ್ಳ ಮಕ್ಕಳೂ ಇಲ್ಲದವರೂ ಒಂದೇ ತಂಡದಲ್ಲಿ ಆಡುವ ಪಂದ್ಯವೊಂದನ್ನು ಸೇರಿಸಬಹುದು. ಸ್ಪೆಷಲ್ ಒಲಿಂಪಿಕ್ಸ್‌ನಲ್ಲಿಯೂ ಇಂಥ ಕೂಡುತಂಡಗಳ ಪದ್ಧತಿಯುಂಟು. ನಾಲ್ಕು ದಾನಗಳಲ್ಲಿ ಅಭಯದಾನವೂ ಒಂದು. ಜನರ ನೋಟಕ್ಕೆ ಅಂಜಿ ಒಳಗುಳಿದ ತಾಯಿಗೆ, ಅಂಜದೆ ಹೊರಬರಬಹುದೆಂಬ ಭರವಸೆ ಕೊಡುವುದು ಅಭಯವಲ್ಲದೆ ಮತ್ತೇನು?

ತೂರಿನ್‌ಗೆ ಹೋದ ಮೂವತ್ತು ಮಂದಿಯೂ ಯಾವುದೋ ಒಂದು ದಿನ, ಯಾವುದೋ ಒಂದು ಮನೆಯಿಂದ, ಯಾರದೋ ಕೈ ಹಿಡಿದು ಮೊದಲ ಸಲ ಆಟದ ಬಯಲಿಗೆ ಬಂದವರೇ. ನಮ್ಮ ಓಣಿಯ ಮಗು ಹಿಮವನ್ನು ಕಾಣಲಿ, ಕಾಣದಿರಲಿ. ಬರುವ ಅಷ್ಟಮಿಯಂದು ತಾಯಿಯೊಡನೆ ಬಸದಿಗೆ ಬಂದು, ತನಗೆ ಬಂದಂತೆ ಕೈಮುಗಿದು, ಎಲ್ಲರ ಸಾಲಿನಲ್ಲಿ ಕುಳಿತು ಗಂಧೋದಕವನ್ನು ಹಣೆಗೆ ಹಚ್ಚಿಕೊಂಡು ಹೋಗಲಿ. ಅಷ್ಟನ್ನು ಮಾಡಿಕೊಡುವುದು ಯಾವ ಸಮಾಜದ ಶಕ್ತಿಗೂ ಮೀರಿದುದಲ್ಲ.